ಒಸಡಿನ ರೋಗಕ್ಕೆ ಔಷಧ ಒಸರುವ ‘ಮೂಳೆ ಸಿಮೆಂಟ್’

ಬೆಂಗಳೂರು: ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಕಂಡರೆ ಹಲವರು ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತಾರೆ. ನೋವಿಲ್ಲದ ಕಾರಣ ವೈದ್ಯರ ನೆನಪಾಗುವುದು ಹಲ್ಲು ಅಲುಗಾಡಿದ ಮೇಲೆಯೇ. ಅಷ್ಟರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಸವೆದಿರುತ್ತದೆ. ಆ ಕುಳಿಯನ್ನು ತುಂಬುತ್ತಲೇ ಸೋಂಕನ್ನೂ ತಡೆಯಬಲ್ಲ ವಸ್ತುವಿನ ಹುಡುಕಾಟದ ಫಲವೇ ಆ್ಯಂಟಿಬಯೋಟಿಕ್ ಬೆರೆಸಿದ ಮೂಳೆ ಸಿಮೆಂಟ್.

ರೋಗದ ಬಗೆ

ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿ ಕ್ರಮೇಣ ಕಿಟ್ಟವಾಗಿ ಗಟ್ಟಿಗೊಳ್ಳುತ್ತದೆ. ಒಸಡು ಹಲ್ಲಿನಿಂದ ಬಿಟ್ಟುಕೊಂಡು ಜೇಬಿನಂತಹ ಸಂದು ಉಂಟಾಗುತ್ತದೆ. ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಮತ್ತು ಅದರಿಂದಾಗುವ ಉರಿಯೂತ ಮೂಳೆಯನ್ನು ಕರಗಿಸುತ್ತವೆ. ತಂಬಾಕು ಸೇವನೆ ಹಾಗೂ ಹತೋಟಿಯಲ್ಲಿಲ್ಲದ ಮಧುಮೇಹ ರೋಗವನ್ನು ಉಲ್ಬಣಗೊಳಿಸುತ್ತವೆ. ತೀವ್ರ ಒಸಡಿನ ರೋಗಕ್ಕೆ ತುತ್ತಾದವರು ವಿಶ್ವದಲ್ಲಿ 100 ಕೋಟಿಗೂ ಅಧಿಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಅಂದಾಜಿಸಿದೆ.

ಸಿಮೆಂಟ್ ಬಂದ ದಾರಿ

ಕೀಲು ಜೋಡಣೆಯ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸುವ ಪ್ರಯೋಗದ ವರದಿ ಜರ್ಮನಿಯಲ್ಲಿ 1970ರಲ್ಲಿ ಪ್ರಕಟವಾಯಿತು. ಆದರೆ ಆ ಅಕ್ರಿಲಿಕ್ ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ದೇಹದಲ್ಲಿ ಕರಗುವುದೂ ಇಲ್ಲ. 1980ರ ದಶಕದಲ್ಲಿ ಅಮೆರಿಕದ ಬ್ರೌನ್ ಮತ್ತು ಚೌ ರೂಪಿಸಿದ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಪುಡಿಯನ್ನು ದ್ರವದಲ್ಲಿ ಕಲಸಿ ತುಂಬಿದರೆ ದೇಹದ ಉಷ್ಣತೆಯಲ್ಲಿಯೇ ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್ ಆಗಿ ಗಟ್ಟಿಯಾಗುತ್ತದೆ. ಅದರ ಸೂಕ್ಷ್ಮ ರಂಧ್ರಗಳಿಂದ ಔಷಧ ಮೊದಲು ರಭಸವಾಗಿ, ಬಳಿಕ ನಿಧಾನವಾಗಿ ಹೊರಬರುತ್ತದೆ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇಂತಹ ಸಿಮೆಂಟನ್ನು ಅಭಿವೃದ್ಧಿಪಡಿಸಿದ್ದು, ಹಲ್ಲಿನ ಸುತ್ತಲಿನ ಮೂಳೆ ಕುಳಿಗಳಲ್ಲಿ ಅದರ ಬಳಕೆಯ ಅಧ್ಯಯನ 2009ರಲ್ಲಿ ಪ್ರಕಟವಾಗಿದೆ.

ಮಿತಿಗಳು

ಔಷಧದ ಪ್ರಮಾಣ ಹೆಚ್ಚಾದರೆ ಸಿಮೆಂಟಿನ ಬಲ ಕುಂದುತ್ತದೆ. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟಿಕೊಳ್ಳುವುದರಿಂದ ಅದರ ಬಿಡುಗಡೆಯ ಲೆಕ್ಕವೂ ಸುಲಭವಲ್ಲ. ಅಲ್ಪ ಪ್ರಮಾಣದ ಔಷಧ ದೀರ್ಘಕಾಲ ಒಸರಿದರೆ ಬ್ಯಾಕ್ಟೀರಿಯಾಗಳು ಅದಕ್ಕೆ ಜಗ್ಗದಂತಾಗುವ ಅಪಾಯವುಂಟು. ಹೀಗಾಗಿ ಔಷಧಯುಕ್ತ ಸಿಮೆಂಟ್ ಒಸಡಿನ ರೋಗಕ್ಕೆ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಸಂದಿನಲ್ಲಿಡುವ 2.5 ಮಿಲಿಗ್ರಾಂ ಕ್ಲೋರ್‌ಹೆಕ್ಸಿಡಿನ್ ಬಿಲ್ಲೆ, ಮಿನೊಸೈಕ್ಲಿನ್ ಕಣಗಳು ಬಳಕೆಗೆ ಬಂದಿವೆಯಾದರೂ ಅವು ಪೂರಕ ಮಾತ್ರ.

ಮೊದಲ ಚಿಕಿತ್ಸೆ

ಕಿಟ್ಟ ತೆಗೆದು ಬೇರನ್ನು ನಯಗೊಳಿಸುವುದೇ ಚಿಕಿತ್ಸೆಯ ತಳಹದಿ. ಔಷಧ ಅಂಗಡಿಯಲ್ಲಿ ತಾವಾಗಿಯೇ ಮಾತ್ರೆ ಕೊಂಡು ನುಂಗುವುದರಿಂದ ಕಿಟ್ಟ ಹೋಗದು. ಗಿರಣಿ ಕಾರ್ಮಿಕರ ನೆಲೆಯಾಗಿ ಬೆಳೆದ ಬಿನ್ನಿಪೇಟೆಯ ನಿವಾಸಿಗಳಿಗೆ ಕೋಟೆ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ದೂರವೇನಲ್ಲ. ಒಮ್ಮೆ ಕರಗಿದ ಮೂಳೆಯನ್ನು ಮತ್ತೆ ಪೂರ್ಣವಾಗಿ ಪಡೆಯುವುದು ಕಷ್ಟಸಾಧ್ಯವಾದ್ದರಿಂದ, ರಕ್ತ ಕಂಡಾಗಲೇ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು.