ಕುಳದ ಮೊನೆಯಿಂದ ಲೇಸರ್ ಪುಡಿಯವರೆಗೆ



ಹಡಪಸರದ ಕೈಗಾರಿಕಾ ವಸಾಹತಿನಲ್ಲಿ ಓಡಾಡುವಾಗ ಕಿರ್ಲೋಸ್ಕರ್ ಎಂಬ ಹೆಸರನ್ನು ನೀವು ಎಷ್ಟೋ ಸಲ ಓದಿರುತ್ತೀರಿ. ಆ ಹೆಸರಿನ ಬೇರು ನಮ್ಮ ಬೆಳಗಾವಿ ಸೀಮೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೆಂದು ರೈತರು ಮೊದಮೊದಲು ಹೆದರಿದ್ದರಂತೆ! ಅದೇ ಮನೆತನ 1946ರಲ್ಲಿ ಪುಣೆಯ ಖಡಕಿಯಲ್ಲಿ ಡೀಸೆಲ್ ಎಂಜಿನ್‌ಗೆ, 1958ರಲ್ಲಿ ಹಡಪಸರದಲ್ಲಿ ಕಂಪ್ರೆಸರ್‌ಗೆ ಕೈಹಾಕಿತು.

ನೇಗಿಲ ಕುಳ ಸವೆದರೆ ಊರ ಕಮ್ಮಾರ ಕುಲುಮೆಯಲ್ಲಿ ಕಾಯಿಸಿ, ಮೊನೆಗೆ ಹೊಸ ಲೋಹ ಬೆಸೆದು ಕೊಡುತ್ತಿದ್ದ. ಸವೆದಲ್ಲಿ ಲೋಹ ಸೇರಿಸುವ ವಿದ್ಯೆ ನಮಗೆ ಹೊಸದಲ್ಲ. ಆದರೆ ಕುಳ ತಣ್ಣಗಿನ ಮಣ್ಣಲ್ಲಿ ಸವೆಯುತ್ತದೆ, ಎಂಜಿನ್ನಿನ ಹೊಗೆ ವಾಲ್ವ್ ಕೆಂಡದಂಥ ಕಾವಿನಲ್ಲಿ. ಅಲ್ಲಿ ಸಾಮಾನ್ಯ ಉಕ್ಕು ಮೆತ್ತಗಾಗುತ್ತದೆ. 1907ರಲ್ಲಿ ಅಮೆರಿಕದ ಎಲ್‌ವುಡ್ ಹೇನ್ಸ್ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದರು. ಈ ಬಗೆಯ ಲೋಹ, ಅಂದರೆ ಸ್ಟೆಲೈಟ್, ಮುಂದೆ ವಾಲ್ವ್‌ಗಳ ಮುಖಕ್ಕೆ ಬೆಸುಗೆಯ ಲೇಪವಾಯಿತು.

ಇಲ್ಲೊಂದು ಸೋಜಿಗವಿದೆ. ಕಾವು ಹೆಚ್ಚಿದಂತೆ ಸವೆತವೂ ಹೆಚ್ಚಬೇಕಲ್ಲವೇ? ಯಾವಾಗಲೂ ಹಾಗಾಗುವುದಿಲ್ಲ. ಕೋಬಾಲ್ಟ್, ನಿಕ್ಕಲ್ ಮಿಶ್ರಲೋಹಗಳು ಕಾದು ಉಜ್ಜಿದಾಗ ಉದುರುವ ಆಕ್ಸೈಡ್ ಪುಡಿ ಒತ್ತಡಕ್ಕೆ ಸಿಕ್ಕಿ ನುಣ್ಣನೆಯ ಪದರವಾಗಿ ಕೂರುತ್ತದೆ, ರೊಟ್ಟಿ ಹಂಚಿನ ಮೇಲಿನ ಕಪ್ಪು ಪದರದಂತೆ. ಅದು ಉಳಿದಷ್ಟು ಹೊತ್ತು ಸವೆತ ಕಡಿಮೆ. ಕಿತ್ತರೆ ತಿರುಗಿ ಮೊದಲಿನ ಪಾಡು.

ಈಗ ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸಿ, ಕೂದಲೆಳೆಗಿಂತ ತೆಳುವಾದ ಪದರದ ಮೇಲೆ ಪದರವಿಟ್ಟು ಭಾಗಗಳನ್ನೇ ಅಚ್ಚು ಹಾಕುತ್ತಾರೆ. ಕರಗಿದ್ದು ಥಟ್ಟನೆ ಆರುವುದರಿಂದ ಲೋಹದ ಕಣಗಳು ಸಣ್ಣವು, ಗಟ್ಟಿತನ ಹೆಚ್ಚು. ಆದರೆ ಬಹಳ ಕಾಯಿಸಿದರೆ ಆ ಲಾಭ ಕರಗಬಹುದು. ಒಳಗೆ ಉಳಿದ ಸೂಕ್ಷ್ಮ ರಂಧ್ರದಿಂದ ಬಿರುಕು ಏಳಬಹುದು. ಪದರಗಳ ದಿಕ್ಕಿನ ಪ್ರಕಾರ ಸವೆತವೂ ಬದಲಾಗುತ್ತದೆ.

2024ರ ಮೇ 9ರಂದು ಇಸ್ರೋ ಹೀಗೆ ಮುದ್ರಿಸಿದ ಪಿಎಸ್4 ರಾಕೆಟ್ ಎಂಜಿನ್ನನ್ನು 665 ಸೆಕೆಂಡು ಉರಿಸಿ ನೋಡಿತು. 14 ಬಿಡಿಭಾಗಗಳ ಜಾಗದಲ್ಲಿ ಒಂದೇ ತುಂಡು, 19 ಬೆಸುಗೆಗಳು ಮಾಯ! ದೊಡ್ಡ ಗೆಲುವೇ ಸರಿ. ಆದರೆ ಅದು ಸವೆತದ ಪರೀಕ್ಷೆಯಲ್ಲ. ಡೀಸೆಲ್ ಎಂಜಿನ್ನಿನ ವಾಲ್ವ್ ನಿಮಿಷಕ್ಕೆ ನೂರಾರು ಸಲ, ವರ್ಷಗಟ್ಟಲೆ ಬಡಿಯಬೇಕು. ಅದಕ್ಕೇ ಪ್ರಯೋಗಾಲಯಗಳಲ್ಲಿ ಇಂದಿಗೂ ಲೋಹದ ಕಡ್ಡಿಯೊಂದನ್ನು ಕಾದ ಬಿಲ್ಲೆಯ ಮೇಲೆ ಗಂಟೆಗಟ್ಟಲೆ ಉಜ್ಜಿ, ಎಷ್ಟು ಮಿಲಿಗ್ರಾಂ ಸವೆಯಿತೆಂದು ತೂಗಿ ನೋಡುತ್ತಾರೆ.