ಕರೋನರಿ ಸಿ.ಟಿ. ವರದಿಗಳ ಏಕರೂಪತೆ

ಹೃದಯಕ್ಕೆ ರಕ್ತ ಒದಗಿಸುವ ಕರೋನರಿ ಅಪಧಮನಿಗಳ ಒಂದೇ ಸಿ.ಟಿ. ಚಿತ್ರವನ್ನು ಬೇರೆ ಬೇರೆ ವೈದ್ಯರು ನೋಡಿದಾಗ ಅವರ ನಿರ್ಣಯಗಳು ಎಷ್ಟು ತಾಳೆಯಾಗುತ್ತವೆ ಎಂಬುದೇ ವರದಿಗಳ ಏಕರೂಪತೆ. ಇದನ್ನು ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ರೂಪಿಸಿದ ಕಪ್ಪಾ ಸೂಚ್ಯಂಕ ಬಳಕೆಯಲ್ಲಿದೆ; 1 ಎಂದರೆ ಪೂರ್ಣ ಸಹಮತ. ದಟ್ಟ ಕ್ಯಾಲ್ಸಿಯಂ, ಸ್ಟೆಂಟ್, ವೇಗದ ಹೃದಯಬಡಿತದಿಂದ ಮಸುಕಾದ ಚಿತ್ರ ಭಿನ್ನಾಭಿಪ್ರಾಯಕ್ಕೆ ಕಾರಣ. 2016ರ ಕ್ಯಾಡ್-ರಾಡ್ಸ್ ಪದ್ಧತಿ (ಪರಿಷ್ಕರಣೆ 2022) ನಾಳದ ಕಿರಿದಾಗುವಿಕೆಯನ್ನು 0ಯಿಂದ 5ರವರೆಗೆ ವಿಂಗಡಿಸುತ್ತದೆ. ಒಬ್ಬರು ಶೇ. 48 ಎಂದೂ ಇನ್ನೊಬ್ಬರು ಶೇ. 52 ಎಂದೂ ಅಳೆದರೆ ವರ್ಗ 2ರಿಂದ 3ಕ್ಕೇರಿ, ಮುಂದಿನ ಪರೀಕ್ಷೆಯೂ ಬದಲಾಗಬಹುದು. ರೋಗಿ ಊರು ಬದಲಿಸಿದಾಗಲೂ ಏಕರೂಪತೆ ಮುಖ್ಯ: ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ರೋಗಿಗಳು ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗೆ ಹೋಗುವುದುಂಟು. ಒಂದೂರಿನ ವರದಿ ಇನ್ನೊಂದೂರಿನ ವೈದ್ಯರಿಗೂ ಅದೇ ಅರ್ಥ ಕೊಡಬೇಕಾದರೆ ಏಕರೂಪದ ವರ್ಗೀಕರಣ, ಸಂಶಯವಿದ್ದಲ್ಲಿ ಎರಡನೆಯ ಪರಿಶೀಲನೆ ಅಗತ್ಯ.