ಯಾರ ಮಾತು ಪ್ರಮಾಣ? ಕನ್ನಡ ಕಾದಂಬರಿಯಲ್ಲಿ ವಾದದ ಚರಿತ್ರೆ

ಕಥೆಯ ಪಾತ್ರವೊಂದು ಇನ್ನೊಂದನ್ನು ಒಪ್ಪಿಸಬೇಕಾದರೆ ಇಬ್ಬರೂ ಮನ್ನಿಸುವ ಪ್ರಮಾಣವೊಂದು ಇರಲೇಬೇಕು. ಅದು ಶಾಸ್ತ್ರವೋ ರೂಢಿಯೋ ಬದುಕಿನ ಅನುಭವವೋ ಎಂಬುದನ್ನು ನಿರ್ಧರಿಸುವುದು ಆ ಪಾತ್ರಗಳ ಸಮಾಜ. ಕನ್ನಡ ಕಾದಂಬರಿಯಲ್ಲಿ ಈ ಪ್ರಮಾಣ ಕೈಯಿಂದ ಕೈಗೆ ದಾಟುತ್ತಾ ಬಂದಿದೆ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಬರುವ ಹೊತ್ತಿಗೆ ವಿಧವಾ ವಿವಾಹಕ್ಕೆ 1856ರ ಕಾಯ್ದೆಯ ಬಲವಿತ್ತು. ಮನೆ, ಮಠ, ಕುಲಸ್ಥರ ಒಪ್ಪಿಗೆ ಮಾತ್ರ ಕಾಯ್ದೆಯಿಂದ ದೊರೆಯುವಂಥದ್ದಲ್ಲ. ಹೀಗಾಗಿಯೇ ಕೃತಿಗೆ ‘ಸದ್ಧರ್ಮ ವಿಜಯವು’ ಎಂಬ ಇನ್ನೊಂದು ಹೆಸರು. ಸುಧಾರಣೆಯನ್ನು ಧರ್ಮದ ಎದುರಾಳಿಯಾಗಿ ನಿಲ್ಲಿಸದೆ, ಧರ್ಮದ ಗೆಲುವೆಂದೇ ಗುಲ್ವಾಡಿಯವರು ಓದುಗರ ಮುಂದಿಟ್ಟರು. ಬಾಲವಿಧವೆ ಇಂದಿರೆಗೆ ಆಶ್ರಯ ಕೊಟ್ಟು ಓದಿಸಲು ವಕೀಲ ಅಮೃತರಾಯರಂಥ ಗಣ್ಯರು ಬೇಕಾಗುತ್ತಾರೆ.

ಶಿವರಾಮ ಕಾರಂತರ ‘ಚೋಮನ ದುಡಿ’ (1933)ಯಲ್ಲಿ ಈ ಬೆಂಬಲವೂ ಇಲ್ಲ. ಬೇಸಾಯಕ್ಕೆ ತುಂಡು ಭೂಮಿ ಬೇಕೆಂಬ ದಲಿತ ಜೀತಗಾರ ಚೋಮನ ಕೋರಿಕೆ ನ್ಯಾಯವಾದದ್ದೇ. ಧಣಿ ಸಂಕಪ್ಪಯ್ಯನ ಮನಸ್ಸೂ ಕರಗುತ್ತದೆ. ಆದರೆ ಧಣಿಯ ತಾಯಿ ರೂಢಿಯನ್ನು ಮುಂದೊಡ್ಡಿದಾಗ ಮಾತು ಅಲ್ಲಿಗೆ ಮುಗಿಯುತ್ತದೆ. ಚೋಮನ ಹಸಿವು ಆ ಅಂಗಳದಲ್ಲಿ ಪ್ರಮಾಣವಾಗುವುದಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಪ್ರಮಾಣವನ್ನೇ ಕಟಕಟೆಗೆ ತರುತ್ತದೆ. ಆಚಾರ ಮುರಿದು ಬಾಳಿದ ಬ್ರಾಹ್ಮಣ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಡಕುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ, ದೇವರೂ ಬಾಯಿಬಿಡುವುದಿಲ್ಲ. ಇತ್ತ ನಾರಣಪ್ಪನ ಸಂಗಾತಿ ಚಂದ್ರಿ ಸಂಸ್ಕಾರದ ಖರ್ಚಿಗೆಂದು ಬಿಚ್ಚಿಟ್ಟ ಒಡವೆಗಳನ್ನು ಕಂಡದ್ದೇ ಅಗ್ರಹಾರದವರ ಶಾಸ್ತ್ರನಿಷ್ಠೆ ದಿಕ್ಕು ಬದಲಿಸುತ್ತದೆ. ಅವರ ಚರ್ಚೆ ಮುಗಿಯುವ ಮೊದಲೇ ಅವಳು ಮುಸಲ್ಮಾನನೊಬ್ಬನ ನೆರವಿನಿಂದ ಇರುಳಲ್ಲಿ ಶವ ಸುಡಿಸುತ್ತಾಳೆ. ಯಾರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲವೋ ಅವಳ ಕೈಯಲ್ಲೇ ಸಮಸ್ಯೆ ಇತ್ಯರ್ಥವಾಯಿತು.

ಮೂರು ವರ್ಷಗಳ ನಂತರ ಬಂದ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಇನ್ನೂ ಮುಂದಕ್ಕೆ ಹೋಗುತ್ತದೆ. ಮೂಡೂರಿನ ಮೂಕಜ್ಜಿಯೂ ಇಂದಿರೆಯಂತೆ ಬಾಲವಿಧವೆ. ಅವಳ ಪರವಾಗಿ ವಾದಿಸುವ ವಕೀಲರಿಲ್ಲ, ಬೇಕಾಗಿಯೂ ಇಲ್ಲ. ಕೈಗೆ ಸಿಕ್ಕ ಹಳೆಯ ವಸ್ತುವನ್ನು ಮುಟ್ಟಿ ಕಂಡದ್ದನ್ನು ಹೇಳುತ್ತಾಳೆ. ಓದು ಬಲ್ಲ ಮೊಮ್ಮಗ ಸುಬ್ಬರಾಯ ಪ್ರಶ್ನೆ ಹಾಕುತ್ತಾ ಕೇಳುತ್ತಾನೆ. ಕಂಡು ಉಂಡದ್ದನ್ನೇ ವಾದವಾಗಿಸುವ ಈ ಕ್ರಮಕ್ಕೆ ಕನ್ನಡದಲ್ಲಿ ಆಳವಾದ ಬೇರಿದೆ. ಜನ್ನನ ‘ಯಶೋಧರ ಚರಿತೆ’ (1209)ಯಲ್ಲಿ ಬಲಿಗೆ ತಂದು ನಿಲ್ಲಿಸಿದ ಅಭಯರುಚಿ, ಹಿಟ್ಟಿನ ಕೋಳಿಯನ್ನು ಬಲಿಯಿತ್ತದ್ದಕ್ಕೆ ಜನ್ಮಜನ್ಮಾಂತರ ನೊಂದ ಕಥೆ ಹೇಳಿ ರಾಜ ಮಾರಿದತ್ತನ ಮನಸ್ಸು ತಿರುಗಿಸುತ್ತಾನೆ. ಆ ಕಥೆಗೆ ಬಲ ಬಂದದ್ದು ಕರ್ಮದ ನಂಬಿಕೆಯಿಂದ. ಮೂಕಜ್ಜಿಯ ಮಾತಿಗಾದರೋ ಅವಳ ಬದುಕೇ ಆಧಾರ.

ಆದ್ದರಿಂದ ಕಾದಂಬರಿಯ ವಾದವನ್ನು ತರ್ಕದ ಸರಿತಪ್ಪಿನಿಂದಷ್ಟೇ ಅಳೆಯುವ ವಿಮರ್ಶೆ ಅರ್ಧಕ್ಕೇ ನಿಲ್ಲುತ್ತದೆ. ಆ ಲೋಕದಲ್ಲಿ ಯಾರಿಗೆ ಮಾತಾಡುವ ಹಕ್ಕಿದೆ, ಯಾರ ನೋವು ಸಾಕ್ಷ್ಯವೆನಿಸುತ್ತದೆ ಎಂದು ಅದು ಮೊದಲು ವಿಚಾರಿಸಬೇಕು. ಇಂದಿರೆಯಿಂದ ಮೂಕಜ್ಜಿಯವರೆಗಿನ ಸುಮಾರು 70 ವರ್ಷಗಳಲ್ಲಿ ಕನ್ನಡ ಕಾದಂಬರಿ ಗಳಿಸಿದ ದೊಡ್ಡ ಸಂಪತ್ತು ಆ ಹಕ್ಕಿನ ವಿಸ್ತಾರವೇ.